ಬಾಯಿ ಬಿಡದ ಸಿ.ಡಿ. ಡ್ರೈವ್: ಚಿಲಕವೋ, ಉಬ್ಬಿದ ಬಾಗಿಲೋ?



ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಮನೆಗಳ ಬಾಗಿಲು ಒಮ್ಮೊಮ್ಮೆ ತೆರೆಯದೆ ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ತಿಳಿದವರು ಆಗ ಬಾಗಿಲಿಗೆ ಒದೆಯುವುದಿಲ್ಲ. ಒಳಗಿನಿಂದ ಯಾರಾದರೂ ಚಿಲಕ ಹಾಕಿದ್ದಾರೆಯೋ, ಇಲ್ಲವೇ ಮರ ನೀರು ಕುಡಿದು ಉಬ್ಬಿದೆಯೋ ಎಂದು ಮೊದಲು ನೋಡುತ್ತಾರೆ. ಚಿಲಕವಾದರೆ ಒಳಗಿದ್ದವರನ್ನು ಕೂಗಿದರೆ ಸಾಕು. ಮರ ಉಬ್ಬಿದ್ದರೆ ಬಡಗಿಯ ಕೀಸುಳಿ ಬೇಕು. ಒಂದರ ಮದ್ದು ಇನ್ನೊಂದಕ್ಕೆ ಬರುವುದಿಲ್ಲ. ಗಣಕಯಂತ್ರದ ಸಿ.ಡಿ. ಡ್ರೈವಿಗೂ ಇದೇ ಮಾತು ಅನ್ವಯಿಸುತ್ತದೆಂಬುದನ್ನು ನಾವು ಈಚೆಗೆ ಅನುಭವದಿಂದ ಕಲಿತೆವು.

ನಮ್ಮ ಹಿರಿಯ ಸದಸ್ಯರೊಬ್ಬರು ಅಡಿಕೆ ಅಡಮಾನದ ಮೇಲೆ ಪಡೆದಿದ್ದ ಸಾಲವನ್ನು 2009ರಲ್ಲಿಯೇ ತೀರಿಸಿದ್ದರು. ಅವರು ಕಾಲವಾದ ಮೇಲೆ ಅವರ ಶ್ರೀಮತಿಯವರು ಸಾಲ ತೀರುವಳಿ ಪತ್ರ ಬೇಕೆಂದು ಕಚೇರಿಗೆ ಬಂದರು. ಅದಿಲ್ಲದೆ ಮಕ್ಕಳ ಪಾಲುಪಟ್ಟಿ ಮುಂದುವರಿಯುವಂತಿರಲಿಲ್ಲ. ಆ ವರ್ಷದ ಖಾತೆ ಪುಸ್ತಕ ಗೆದ್ದಲಿನ ಪಾಲಾಗಿತ್ತು. ಉಳಿದದ್ದು ಒಂದೇ ಒಂದು ಸಿ.ಡಿ. ಅದನ್ನು ಡ್ರೈವಿಗೆ ಹಾಕಿ ಲೆಕ್ಕದ ಕಡತ ತೆರೆದದ್ದೂ ಆಯಿತು. ಅರ್ಧಕ್ಕೆ ಯಂತ್ರ ಮಂಕಾಯಿತು. ಬಿಲ್ಲೆಯನ್ನು ತೆಗೆದು ಒರೆಸಿ ನೋಡೋಣವೆಂದರೆ ಗುಂಡಿ ಎಷ್ಟು ಒತ್ತಿದರೂ ತಟ್ಟೆ ಹೊರಗೆ ಬರಲಿಲ್ಲ. ನಮ್ಮ ಗುಮಾಸ್ತರು ಸ್ಕ್ರೂಡ್ರೈವರ್ ಹಿಡಿದು, "ಸ್ವಲ್ಪ ಮೀಟಿ ತೆಗೀಲಾ ಸಾರ್?" ಎಂದರು. ನಾವು ತಡೆದೆವು. ಮೀಟಿದ್ದರೆ ಡ್ರೈವ್ ಹೋಗುತ್ತಿತ್ತು, ಜೊತೆಗೆ ಆ ತಾಯಿಯ ದಾಖಲೆಯೂ ಹೋಗುತ್ತಿತ್ತು.

ಕಚೇರಿಯ ಗಣಕಯಂತ್ರದಲ್ಲಿರುವುದು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆಯಲ್ಲಿ, ಬಿಲ್ಲೆಯನ್ನು ಹಾಕಿದಾಗ ಅದರ ಕಡತಗಳನ್ನು ಯಂತ್ರದ ಕಡತಗಳ ಮರಕ್ಕೆ ಜೋಡಿಸಲಾಗುತ್ತದೆ. ಗಿಡಕ್ಕೆ ಹೊರಗಿನ ರೆಂಬೆಯನ್ನು ಕಸಿ ಕಟ್ಟಿದ ಹಾಗೆ. ಇದಕ್ಕೆ ಮೌಂಟ್ ಎನ್ನುತ್ತಾರೆ. ಹೀಗೆ ಜೋಡಿಸಿರುವಷ್ಟು ಹೊತ್ತು, ಓದುತ್ತಿರುವ ಬಿಲ್ಲೆಯನ್ನು ಯಾರೂ ನಡುವೆ ಕಿತ್ತುಕೊಳ್ಳದಿರಲೆಂದು ಲಿನಕ್ಸ್ ತಟ್ಟೆಗೆ ಚಿಲಕ ಹಾಕುತ್ತದೆ. ಈಚಿನ ಕೆಲವು ಲಿನಕ್ಸ್‌ಗಳಲ್ಲಿ ಗುಂಡಿ ಒತ್ತಿದೊಡನೆ ಚಿಲಕ ತೆಗೆಯುವ ಏರ್ಪಾಡು ಇದೆಯಾದರೂ ಎಲ್ಲ ಕಡೆಯೂ ಅದನ್ನು ನಂಬುವಂತಿಲ್ಲ.

ದೋಷ ಚಿಲಕದ್ದೋ ಯಂತ್ರಭಾಗದ್ದೋ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ತೆರೆದಿರುವ ಕೆಲಸವನ್ನೆಲ್ಲ ಉಳಿಸಿ ಗಣಕಯಂತ್ರವನ್ನು ಆರಿಸಿ, ಪುನಃ ಹಾಕಿ, ಲಿನಕ್ಸ್ ಏಳುವುದಕ್ಕೆ ಮುಂಚೆಯೇ ಡ್ರೈವಿನ ಗುಂಡಿ ಒತ್ತಬೇಕು. ತಟ್ಟೆ ಬಂದರೆ ದೋಷ ಚಿಲಕದ್ದು. ಬಿಲ್ಲೆಯೂ ಕೈಗೆ ಬಂದಂತಾಯಿತು. ಬಾರದಿದ್ದರೆ ಒಳಗಿನ ಭಾಗವೇ ಸಿಕ್ಕಿಕೊಂಡಿರುವ ಸಂಭವ ಹೆಚ್ಚು.

ಯಂತ್ರ ಆರಿಸಲು ಅನುಕೂಲವಿಲ್ಲದಿದ್ದರೆ ಚಿಲಕವನ್ನು ಕ್ರಮವಾಗಿ ತೆಗೆಯತಕ್ಕದ್ದು. ಕಡತಗಳ ಕಿಟಕಿಯಲ್ಲಿ ಸಿ.ಡಿ.ಯ ಹೆಸರಿನ ಪಕ್ಕದ ಇಜೆಕ್ಟ್ ಗುರುತನ್ನು ಮೊದಲು ಒತ್ತಿರಿ. "ಬ್ಯುಸಿ" ಎಂಬ ಉತ್ತರ ಬಂದರೆ, ಯಾವುದೋ ಕಾರ್ಯಕ್ರಮ ಬಿಲ್ಲೆಯ ಕಡತವನ್ನು ಇನ್ನೂ ಹಿಡಿದುಕೊಂಡಿದೆ ಎಂದರ್ಥ. ಆಜ್ಞೆ ಬರೆಯುವ ಟರ್ಮಿನಲ್ ಕಿಟಕಿಯೊಂದು ಬಿಲ್ಲೆಯ ಕಡತಕೋಶದೊಳಗೆ ನಿಂತಿದ್ದರೂ ಇದೇ ಉತ್ತರ. ಹಿಡಿದವರು ಯಾರೆಂದು ಎಫ್‌ಯೂಸರ್ ಎಂಬ ಆಜ್ಞೆ ಹೇಳುತ್ತದೆ. ಅದರ ಜೊತೆಗೆ ವಿ ಮತ್ತು ಎಂ ಗುರುತುಗಳನ್ನೂ ಬಿಲ್ಲೆ ಜೋಡಣೆಯಾಗಿರುವ ಜಾಗವನ್ನೂ ಕೊಡಬೇಕು. ಕೆ ಗುರುತನ್ನು ಮಾತ್ರ ಕೊಡಬಾರದು. ಅದು ಹಿಡಿದವರೆಲ್ಲರನ್ನೂ ಒಂದೇ ಏಟಿಗೆ ನಿಲ್ಲಿಸಿಬಿಡುವುದರಿಂದ ಉಳಿಸದ ಕೆಲಸ ನಷ್ಟವಾದೀತು.

ಹಿಡಿದಿದ್ದನ್ನು ಮುಚ್ಚಿದ ಮೇಲೆ ಯುಮೌಂಟ್ ಆಜ್ಞೆಯಿಂದ ಜೋಡಣೆಯನ್ನು ಬಿಡಿಸಬೇಕು. ಇದನ್ನು ಅನ್‌ಮೌಂಟ್ ಎಂದು ಬರೆದರೆ ಯಂತ್ರಕ್ಕೆ ತಿಳಿಯದು. ಯು ಅಕ್ಷರದ ನಂತರ ಎನ್ ಇಲ್ಲ ಎಂಬುದನ್ನು ಗಮನಿಸಿ. ಅನಂತರ ಇಜೆಕ್ಟ್ ಆಜ್ಞೆ. ಜೋಡಣೆ ಬಿಟ್ಟರೂ ಗುಂಡಿ ಕೆಲಸ ಮಾಡದಿದ್ದರೆ ಇಜೆಕ್ಟ್ ಆಜ್ಞೆಗೆ ಐ ಗುರುತು ಸೇರಿಸಿ, ಮುಂದೆ ಆಫ್ ಎಂದು ಬರೆದರೆ ಗುಂಡಿಯ ಮೇಲಿನ ತಡೆ ಹೋಗುತ್ತದೆ.

ನಮ್ಮ ಪ್ರಕರಣದಲ್ಲಿ ಚಿಲಕ ಹಾಕಿದ್ದು ಯಾರು? ಬೇರೊಂದು ಕಿಟಕಿಯ ಹಿಂದೆ ಮರೆಯಾಗಿದ್ದ ಅದೇ ಲೆಕ್ಕದ ಕಡತ. ಅದನ್ನು ಮುಚ್ಚಿದ ಕೂಡಲೇ ಜೋಡಣೆ ಬಿಟ್ಟಿತು. ಆದರೆ ಇಜೆಕ್ಟ್ ಎಂದಾಗ ಕೊರ್ ಎಂಬ ಸದ್ದು ಬಂದದ್ದು ಬಿಟ್ಟರೆ ತಟ್ಟೆ ಅಲುಗಲಿಲ್ಲ. ಚಿಲಕ ತೆಗೆದ ಮೇಲೆ ಬಾಗಿಲೂ ಉಬ್ಬಿದೆಯೆಂದು ತಿಳಿಯಿತು.

ಇಂಥ ಹೊತ್ತಿಗೆಂದೇ ತಟ್ಟೆಯ ಮಾದರಿಯ ಹೆಚ್ಚಿನ ಡ್ರೈವ್‌ಗಳ ಮುಖದ ಮೇಲೆ ಸೂಜಿಮೊನೆಯಂಥ ಒಂದು ತೂತು ಇಟ್ಟಿರುತ್ತಾರೆ. ಮೊದಲು ಗಣಕಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಗೋಡೆಯಿಂದ ಕೀಳಬೇಕು. ಇದನ್ನು ಅಲಕ್ಷಿಸತಕ್ಕದ್ದಲ್ಲ, 52 ಪಟ್ಟು ವೇಗದ ಡ್ರೈವಿನಲ್ಲಿ ಬಿಲ್ಲೆ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಒಂದೆರಡು ನಿಮಿಷ ಬಿಟ್ಟು, ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ಆ ತೂತಿನಲ್ಲಿ ನೇರವಾಗಿ, ಮೆಲ್ಲಗೆ ತಳ್ಳಬೇಕು. ತಟ್ಟೆ ಸ್ವಲ್ಪ ಮುಂದೆ ಬರುತ್ತದೆ. ಉಳಿದದ್ದನ್ನು ಕೈಯಿಂದ ನಿಧಾನವಾಗಿ ಎಳೆಯಬಹುದು. ತಟ್ಟೆಯಿಲ್ಲದೆ ಬಿಲ್ಲೆಯನ್ನು ಸೀಳಿನಲ್ಲಿ ನುಂಗುವ ಡ್ರೈವ್‌ಗಳಲ್ಲಿ ಅನೇಕಕ್ಕೆ ಈ ತೂತು ಇರುವುದಿಲ್ಲ. ಅವನ್ನು ರಿಪೇರಿಯವರ ಕೈಗೇ ಕೊಡುವುದು ಲೇಸು.

ತಟ್ಟೆ ಸಿಕ್ಕಿಕೊಳ್ಳಲು ಕಾರಣಗಳು ಹಲವು. ತಟ್ಟೆಯನ್ನು ಓಡಿಸುವ ಸಣ್ಣ ರಬ್ಬರ್ ಬೆಲ್ಟ್ ಹಳತಾಗಿ ಸಡಿಲವಾಗಿರಬಹುದು. ಹಲ್ಲುಚಕ್ರಗಳಿಗೆ ಧೂಳು ಹಿಡಿದಿರಬಹುದು. ನಮ್ಮ ಡ್ರೈವಿನಲ್ಲಿ ಸಿಕ್ಕಿದ್ದು ಬೇರೆ. ವರ್ಷ ಬರೆದು ಅಂಟಿಸಿದ್ದ ಕಾಗದದ ಚೀಟಿ ಥಂಡಿಗೆ ಬಿಟ್ಟುಕೊಂಡು, ಅದರ ಅಂಚು ಮೇಲೆದ್ದು ಒಳಗೆ ತಗುಲಿಕೊಂಡಿತ್ತು. ಅದನ್ನು ಎಳೆದು ಕೀಳಲು ನಾವು ಹೋಗಲಿಲ್ಲ. ಬರೆಯಬಹುದಾದ ಸಿ.ಡಿ.ಯಲ್ಲಿ ದಾಖಲೆಯ ಪದರ ಇರುವುದು ಮೇಲ್ಮೈಯ ಕೆಳಗೇ. ಚೀಟಿಯ ಜೊತೆ ಅದೂ ಎದ್ದು ಬಂದರೆ ಮುಗಿಯಿತು. ಎದ್ದ ಅಂಚನ್ನಷ್ಟೇ ಕತ್ತರಿಯಿಂದ ಕತ್ತರಿಸಿದೆವು. ಕೆಳಮೈಯನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆವು. ಸುತ್ತಲೂ ಉಜ್ಜಿದರೆ ಬೀಳುವ ಗೀರು ದಾಖಲೆಯ ಸಾಲಿನುದ್ದಕ್ಕೇ ಹೋಗಿ ಹೆಚ್ಚು ಹಾನಿ ಮಾಡುತ್ತದೆ.

ಬಳಿಕ ಬೇರೊಂದು ಡ್ರೈವಿಗೆ ಬಿಲ್ಲೆಯನ್ನು ಹಾಕಿ, ಡಿಡಿರೆಸ್ಕ್ಯೂ ಎಂಬ ಲಿನಕ್ಸ್ ಕಾರ್ಯಕ್ರಮದಿಂದ ನಕಲು ಮಾಡಿಕೊಂಡೆವು. ಸಲೀಸಾಗಿ ಓದಲು ಬರುವ ಭಾಗಗಳನ್ನು ಇದು ಮೊದಲು ಎತ್ತಿಟ್ಟುಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳಿ ಬರುತ್ತದೆ. ಸದಸ್ಯರ ಖಾತೆ ಸಿಕ್ಕಿತು. ಕೊನೆಯ ಕಂತು ಜಮೆಯಾದ ದಿನಾಂಕವೂ ಇತ್ತು. ತೀರುವಳಿ ಪತ್ರ ಮಾರನೆಯ ದಿನವೇ ಅವರ ಮನೆ ಸೇರಿತು.

ಆದರೂ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಒಬ್ಬ ಸದಸ್ಯರ ದಾಖಲೆ ಒಂದು ಚೀಟಿಯ ಅಂಚಿಗೆ ನೇತಾಡುವ ಹಾಗೆ ಒಂದೇ ಪ್ರತಿ ಇಟ್ಟುಕೊಂಡದ್ದು ಕಚೇರಿಯ ತಪ್ಪು, ಎಂದರೆ ನಮ್ಮದೇ ತಪ್ಪು. ಕಪಾಟಿನಲ್ಲಿರುವ ಎಲ್ಲ ಸಿ.ಡಿ.ಗಳನ್ನೂ ಈಗ ಎರಡು ಕಡೆ ನಕಲು ಮಾಡಿಸುತ್ತಿದ್ದೇವೆ. ಒಂದು ಪ್ರತಿಯನ್ನು ಕಚೇರಿಯಿಂದ ಹೊರಗೆ ಇಡಲಾಗುವುದು. ಸದಸ್ಯರ ಮನೆಗಳಲ್ಲೂ ತೋಟದ ನಕ್ಷೆ, ಲೆಕ್ಕ, ಮದುವೆಯ ಚಿತ್ರಗಳಿರುವ ಹಳೆಯ ಬಿಲ್ಲೆಗಳು ಥಂಡಿಯಲ್ಲಿ ಕುಳಿತಿರಬಹುದು. ಬರುವ ಮಳೆಗಾಲಕ್ಕೆ ಮುಂಚೆ ಅವುಗಳನ್ನು ನಕಲು ಮಾಡಿಸಿಕೊಳ್ಳಿ. ಕಾಗದದ ಚೀಟಿ ಅಂಟಿಸಿರುವುದನ್ನು ಮೊದಲು ನೋಡಿ. ಡ್ರೈವ್ ಬಾಯಿ ಬಿಡದಿದ್ದರೆ ಸ್ಕ್ರೂಡ್ರೈವರ್ ಹುಡುಕುವ ಮುನ್ನ ಚಿಲಕ ಹಾಕಿದವರು ಯಾರೆಂದು ವಿಚಾರಿಸಿ.

ಕಾರ್ಯದರ್ಶಿ