ಮಹಾಮಾರಿಯೂ ಮಾತೆಯರ ಆರೋಗ್ಯವೂ

ನಾಡಿನ ಮೇಲೆ ಮಹಾಮಾರಿಯು ಎರಗಿದಾಗ ಸರಕಾರವು ತನ್ನ ಸಮಸ್ತ ಬಲವನ್ನೂ ಅದರ ನಿವಾರಣೆಗೆ ತೊಡಗಿಸುವುದು ನ್ಯಾಯವೇ ಸರಿ. ಆದರೆ ಹಾಗೆ ತೊಡಗಿಸುವಾಗ ಯಾರ ಪಾಲಿನ ಹಾಸಿಗೆ, ಯಾರ ಪಾಲಿನ ವೈದ್ಯರು, ಯಾರ ಪಾಲಿನ ವಾಹನ ಬೇರೆಡೆಗೆ ಹೋದುವು ಎಂಬ ಲೆಕ್ಕವನ್ನಿಡುವುದೂ ಸರಕಾರದ ಧರ್ಮವೇ ಆಗಿದೆ. ಕೋವಿಡ್ ಮಹಾಮಾರಿಯ ಉಗ್ರತೆ ಇಳಿದು ಕೆಲವು ವರ್ಷಗಳಾದುವು. ಬದುಕಿ ಉಳಿದವರು ಅದನ್ನು ಮರೆಯಲು ಬಯಸುವುದು ಸಹಜ. ಆದರೂ ಆ ದಿನಗಳಲ್ಲಿ ನಮ್ಮ ಸ್ತ್ರೀಯರಿಗೆ ವಾಡಿಕೆಯ ವೈದ್ಯಸಹಾಯವು ಕೈಗೆಟುಕದೆ ಹೋದ ಸಂಗತಿಯನ್ನು ಮರೆಯುವ ಅಧಿಕಾರ ನಮಗಿಲ್ಲವೆಂದು ನಾವು ಭಾವಿಸುತ್ತೇವೆ. ಮುಂದಿನ ಮಹಾಮಾರಿಯು ನಮ್ಮ ಅನುಕೂಲವನ್ನು ನೋಡಿಕೊಂಡು ಬರುವಂತಹುದಲ್ಲ.

2020ನೆಯ ಇಸವಿಯ ಮಾರ್ಚ್ 24ರ ರಾತ್ರಿ ಸಾರಲ್ಪಟ್ಟ ಲಾಕ್‌ಡೌನ್ ನಾಲ್ಕು ಗಂಟೆಗಳೊಳಗಾಗಿ ಜಾರಿಗೆ ಬಂದಿತು. ಮೊದಲು 21 ದಿನಗಳಿಗೆಂದು ಹೇರಿದುದು ಮೇ ತಿಂಗಳ ಕೊನೆಯವರೆಗೂ ಬೆಳೆಯಿತು. ಹೆರಿಗೆ, ಗರ್ಭಿಣಿಯರ ತಪಾಸಣೆ, ಶಿಶುಗಳ ಲಸಿಕೆ ಇವು ಯಾವುವೂ ನಿಲ್ಲತಕ್ಕವಲ್ಲವೆಂದು ಕೇಂದ್ರದ ಆರೋಗ್ಯ ಮಂತ್ರಾಲಯವು ಏಪ್ರಿಲ್ ಮಧ್ಯದಲ್ಲಿ ಸೂಚನೆಯನ್ನು ಹೊರಡಿಸಿತೆಂಬುದು ನಿಜ. ಆದರೆ ಬಸ್ಸೇ ಓಡದ ಹಳ್ಳಿಯ ಗರ್ಭಿಣಿಗೆ ತಾಲ್ಲೂಕು ಆಸ್ಪತ್ರೆಯ ಬಾಗಿಲು ತೆರೆದಿದ್ದು ಫಲವೇನು? ಪ್ರತಿ ತಿಂಗಳ 9ನೆಯ ತಾರೀಖಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಉಚಿತವಾಗಿ ಪರೀಕ್ಷಿಸುವ ಏರ್ಪಾಡು 2016ರಿಂದ ಇದೆ. ಕೂಲಿ ನಿಂತುಹೋದ ಮನೆಯವಳು ಆ ದಿನಕ್ಕಾಗಿ ಬಾಡಿಗೆಯ ವಾಹನವನ್ನು ಎಲ್ಲಿಂದ ತರಬೇಕಾಗಿತ್ತು? ಅಪ್ಪಣೆಯು ಕಾಗದದ ಮೇಲೆ ಉಳಿಯಿತು. ಹೆಂಗಸು ಮನೆಯಲ್ಲಿ ಉಳಿದಳು.

ವಾಡಿಕೆಯ ತಪಾಸಣೆಯೆಂದರೆ ಮುಂದಕ್ಕೆ ಹಾಕಬಹುದಾದ ಕಾರ್ಯವೆಂಬ ಭಾವನೆ ನಮ್ಮ ಅಧಿಕಾರಿಗಳಲ್ಲಿ ಮಾತ್ರವಲ್ಲ, ವಿದ್ಯಾವಂತರಲ್ಲಿಯೂ ಇದೆ. ಇದು ದೊಡ್ಡ ತಪ್ಪು. ಗರ್ಭಿಣಿಯ ರಕ್ತದೊತ್ತಡವು ಏರುವಾಗ ಅನೇಕ ವೇಳೆ ಆಕೆಗೆ ನೋವೇ ಇರುವುದಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಅಳೆದವರಿಗೆ ಮಾತ್ರ ಅದು ತಿಳಿಯುತ್ತದೆ. ಅಳೆಯದೆ ಬಿಟ್ಟರೆ ಕಡೆಗೆ ಅಪಸ್ಮಾರದಂತೆ ಸೆಳವು ಬಂದು ತಾಯಿ ಮಗು ಇಬ್ಬರೂ ಅಳಿಯಬಹುದು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು. ರಕ್ತವೇ ಸಾಲದ ದೇಹದಲ್ಲಿ ಹೆರಿಗೆಯ ರಕ್ತಸ್ರಾವವು ತುಸು ಹೆಚ್ಚಾದರೂ ಪ್ರಾಣಕ್ಕೆ ಮುಳುವಾಗುವುದು. ಕಬ್ಬಿಣದ ಮಾತ್ರೆಯನ್ನು ತಿಂಗಳುಗಟ್ಟಲೆ ಕೊಡುವುದು ಇದಕ್ಕಾಗಿಯೇ. ಒಂಬತ್ತನೆಯ ತಿಂಗಳಿನಲ್ಲಿ ಒಟ್ಟಿಗೆ ನುಂಗಿಸಿ ಕೊರತೆಯನ್ನು ತುಂಬಲಾಗುವುದಿಲ್ಲ.

ಸ್ತ್ರೀಯ ದೇಹಕ್ಕೆ ತನ್ನದೇ ಆದ ಪಂಚಾಂಗವುಂಟು. ಸರಕಾರದ ನಿರ್ಬಂಧಗಳಿಗಾಗಿ ಅದು ಕಾಯುವುದಿಲ್ಲ. ಗರ್ಭಪಾತದ 1971ರ ಕಾಯಿದೆಯು ಆ ಕಾಲದಲ್ಲಿ 20 ವಾರಗಳ ಗಡುವನ್ನು ವಿಧಿಸಿತ್ತು. ಕೆಲವು ವರ್ಗದ ಸ್ತ್ರೀಯರಿಗೆ ಅದು 24 ವಾರಗಳಿಗೆ ಏರಿದ್ದು 2021ರಲ್ಲಿ. ಎರಡು ತಿಂಗಳು ಮನೆಯಿಂದ ಹೊರಡಲಾರದವಳಿಗೆ ಎಂಟು ವಾರಗಳು ಕಳೆದುವು. ಅಷ್ಟರಲ್ಲಿ ಕಾಯಿದೆಯು ಕೊಟ್ಟ ಹಕ್ಕನ್ನು ಕ್ಯಾಲೆಂಡರು ಕಿತ್ತುಕೊಂಡಿರಬಹುದು.

ಬಾಗಿಲವರೆಗೆ ಬಂದವರ ಗತಿಯಾದರೂ ಏನಾಯಿತು? 2020ರ ಜೂನ್‌ನಲ್ಲಿ ದಿಲ್ಲಿಯ ನೆರೆಯ ನೋಯ್ಡಾ ಪ್ರದೇಶದಲ್ಲಿ ಎಂಟು ತಿಂಗಳ ಗರ್ಭಿಣಿಯೊಬ್ಬಳು 13 ಗಂಟೆಗಳ ಕಾಲ ಎಂಟು ಆಸ್ಪತ್ರೆಗಳಿಗೆ ಅಲೆದು ಆಂಬುಲೆನ್ಸಿನಲ್ಲಿಯೇ ಪ್ರಾಣಬಿಟ್ಟಳು. ಮರುತಿಂಗಳು ನಮ್ಮ ಬೆಂಗಳೂರಿನಲ್ಲಿಯೇ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ತಾಯಿಯೊಬ್ಬಳು ಆಟೋರಿಕ್ಷಾದಲ್ಲಿ ಹೆತ್ತಳು, ಕೂಸು ಉಳಿಯಲಿಲ್ಲ. ಇವು ಪತ್ರಿಕೆಗಳಿಗೆ ತಿಳಿದು ಬಂದ ಸಂಗತಿಗಳು. ತಿಳಿಯದೆ ಹೋದವುಗಳನ್ನು ಬರೆದಿಟ್ಟವರಾರು?

ಹೆರಿಗೆಯೆಂದರೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಭಯವನ್ನು ನೀಗಿಸುವುದಕ್ಕೆಂದೇ ಸರಕಾರವು ದಶಕಗಳ ಕಾಲ ಮನೆಮನೆಗೆ ಹೋಗಿ, ಮನೆಯ ಮೂಲೆಯಲ್ಲಿ ಹೆರಬೇಡಿರಿ, ಆಸ್ಪತ್ರೆಗೆ ಬನ್ನಿರಿ ಎಂದು ಬೋಧಿಸಿತು. ಹೆಣ್ಣುಮಕ್ಕಳು ಆ ಮಾತನ್ನು ನಂಬಿದರು. ಮೇಲಿನ ಸಮೀಕ್ಷೆಯ ಕಾಲಕ್ಕೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದುವು. ಹಳ್ಳಿಯ ಸೂಲಗಿತ್ತಿಯರು ಅಪರೂಪವಾದರು. ಅವರ ವಿದ್ಯೆಯು ಮಗಳಿಗಾಗಲಿ ಸೊಸೆಗಾಗಲಿ ದಾಟಲಿಲ್ಲ. ಇದು ಒಳ್ಳೆಯ ಬದಲಾವಣೆಯೇ. ಆದರೆ ಹಳೆಯ ದಾರಿಯನ್ನು ಮುಚ್ಚಿಸಿದವನು ಹೊಸ ದಾರಿಯನ್ನು ಎಂದಿಗೂ ಮುಚ್ಚುವಂತಿಲ್ಲ. ಆಸ್ಪತ್ರೆಗೆ ಬಾ ಎಂದು ಕರೆದು, ಬಂದವಳನ್ನು ಸೋಂಕಿನ ಪರೀಕ್ಷೆಯ ಚೀಟಿಯಿಲ್ಲವೆಂದು ಹಿಂದಕ್ಕೆ ಕಳುಹಿಸುವುದು ಕೊಟ್ಟ ಮಾತಿಗೆ ತಪ್ಪಿದಂತೆ.

ನೆರೆಯ ನೇಪಾಳದ ಒಂಬತ್ತು ಆಸ್ಪತ್ರೆಗಳ ಲೆಕ್ಕವನ್ನು ನೋಡಿರಿ. 2020ರ ಲಾಕ್‌ಡೌನ್ ಕಾಲದಲ್ಲಿ ಅಲ್ಲಿ ಆಸ್ಪತ್ರೆಯ ಹೆರಿಗೆಗಳು ಅರ್ಧಕ್ಕಿಂತಲೂ ಹೆಚ್ಚು ಇಳಿದುವು. ಸಾವಿರ ನವಜಾತ ಶಿಶುಗಳಲ್ಲಿ 13 ಸಾಯುತ್ತಿದ್ದಲ್ಲಿ 40 ಸತ್ತುವು. ಆಫ್ರಿಕಾದ ಸಿಯೆರಾ ಲಿಯೋನ್ ದೇಶದಲ್ಲಿ 2014-15ರ ಎಬೋಲಾ ಕಾಲದಲ್ಲಿ ವೈದ್ಯಸಹಾಯ ಕುಗ್ಗಿದ ಕಾರಣದಿಂದಲೇ ತಾಯಂದಿರ ಮರಣ, ಶಿಶುಮರಣ, ಸತ್ತುಹುಟ್ಟಿದ ಕೂಸುಗಳು ಎಲ್ಲ ಸೇರಿ ಸುಮಾರು 3600 ಹೆಚ್ಚಾದುವೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಆ ದೇಶದಲ್ಲಿ ಎಬೋಲಾ ಜ್ವರದಿಂದ ಖಚಿತವಾಗಿ ಸತ್ತವರ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ರೋಗವು ಕೊಂದಷ್ಟು ಜನರನ್ನು ರೋಗದ ಭಯವೂ ಮುಚ್ಚಿದ ಬಾಗಿಲೂ ಕೊಂದುವು.

ನಮ್ಮ ದೇಶಕ್ಕೂ ಇದು ಹೊಸ ಪಾಠವಲ್ಲ. 1918ರ ಇನ್‌ಫ್ಲುಯೆಂಜಾ ಜ್ವರವು ಹಿಂದೂಸ್ಥಾನದಲ್ಲಿ ಒಂದು ಕೋಟಿಗೂ ಮಿಕ್ಕ ಜನರನ್ನು ಬಲಿತೆಗೆದುಕೊಂಡಾಗ ಪುರುಷರಿಗಿಂತ ಸ್ತ್ರೀಯರೇ ಹೆಚ್ಚಾಗಿ ಸತ್ತರೆಂಬುದು ಅಂದಿನ ಸರಕಾರಿ ವರದಿಗಳಲ್ಲಿಯೇ ಇದೆ. ಅರೆಹೊಟ್ಟೆಯಲ್ಲಿದ್ದವಳೂ ಆಕೆಯೇ, ಗಾಳಿಯಾಡದ ಕೋಣೆಯಲ್ಲಿ ರೋಗಿಗಳ ಶುಶ್ರೂಷೆ ಮಾಡಿದವಳೂ ಆಕೆಯೇ. ನೂರು ವರ್ಷಗಳ ತರುವಾಯ ಔಷಧಗಳು ಬದಲಾದುವು. ಮನೆಯಲ್ಲಿ ಎಲ್ಲರ ಉಪಚಾರವಾದ ಮೇಲೆ ತನ್ನ ಸರದಿಯೆಂದು ಕಾಯುವ ಹೆಣ್ಣಿನ ಸ್ಥಿತಿ ಮಾತ್ರ ಬದಲಾಗಲಿಲ್ಲ.

ಆಸ್ಪತ್ರೆಗಳು ತುಂಬಿದ್ದುವು, ವೈದ್ಯರೇ ರೋಗಕ್ಕೆ ತುತ್ತಾಗುತ್ತಿದ್ದರು, ಹೆಂಗಸರೂ ಸೋಂಕಿಗೆ ಅಂಜಿ ತಾವಾಗಿಯೇ ದೂರ ಉಳಿದರು ಎಂದು ಕೆಲವರು ಸಮಾಧಾನ ಹೇಳುವರು. ಇವೆಲ್ಲವೂ ನಿಜ. ಆ ಸಂಕಟದಲ್ಲಿಯೂ ಸೋಂಕಿತ ಗರ್ಭಿಣಿಯರ ಹೆರಿಗೆ ಮಾಡಿಸಿದ ವೈದ್ಯರಿಗೂ ದಾದಿಯರಿಗೂ ನಾಡು ಋಣಿಯಾಗಿದೆ. ಆದರೆ ವ್ಯಕ್ತಿಗಳ ಧೈರ್ಯವು ವ್ಯವಸ್ಥೆಯ ಬದಲಿಗೆ ನಿಲ್ಲಲಾರದು. ಬೆಂಕಿ ಬಿದ್ದಾಗ ಬಾವಿ ತೋಡುವುದು ಎಷ್ಟು ಸಲ?

ಈ ಮಾತಿನಲ್ಲಿ ಆಶಾ ಕಾರ್ಯಕರ್ತೆಯರನ್ನು ನೆನೆಯದಿರಲಾಗದು. ಹಳ್ಳಿಯ ಯಾವ ಮನೆಯಲ್ಲಿ ಗರ್ಭಿಣಿಯಿದ್ದಾಳೆ, ಆಕೆಗೆ ಎಷ್ಟು ತಿಂಗಳು ಎಂಬುದನ್ನು ಬಲ್ಲವಳು ಆಶಾ. ಮಹಾಮಾರಿಯ ಕಾಲದಲ್ಲಿ ಅವಳನ್ನೇ ಸೋಂಕಿತರ ಪಟ್ಟಿ ಮಾಡಲು ಬೀದಿಬೀದಿಗೆ ಕಳುಹಿಸಿದರು. 2020ರ ಜುಲೈಯಲ್ಲಿ ಕರ್ನಾಟಕದ ಸಾವಿರಾರು ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿಗಳ ನಿಶ್ಚಿತ ಗೌರವಧನವನ್ನೂ ರಕ್ಷಣಾ ಸಾಮಗ್ರಿಯನ್ನೂ ಬೇಡಿ ಮುಷ್ಕರ ಹೂಡಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿಯಿತ್ತು ಗೌರವಿಸಿತು. ಪ್ರಶಸ್ತಿಯಿಂದ ಮಾನ ದೊರೆಯುವುದು, ಅನ್ನ ದೊರೆಯುವುದಿಲ್ಲ.

ಆದುದರಿಂದ ನಾವು ಸರಕಾರದ ಮುಂದೆ ನಾಲ್ಕು ಮಾತುಗಳನ್ನು ಇಡಬಯಸುತ್ತೇವೆ. ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಯಾವ ಮಹಾಮಾರಿ ಬಂದರೂ ಹೆರಿಗೆ ಮತ್ತು ಸ್ತ್ರೀರೋಗಗಳಿಗಾಗಿಯೇ ಮೀಸಲಾಗಿ ಉಳಿಯುವ ಆಸ್ಪತ್ರೆ ಯಾವುದೆಂಬುದನ್ನು ಇಂದೇ ಗೊತ್ತುಮಾಡಿ ಜನರಿಗೆ ಸಾರಬೇಕು. ನೋವು ತಿನ್ನುತ್ತ ಬಂದವಳನ್ನು ಮೊದಲು ಒಳಗೆ ಸೇರಿಸಿಕೊಂಡು ಅನಂತರ ಪರೀಕ್ಷೆ ನಡೆಸತಕ್ಕದ್ದೆಂದು ಕಟ್ಟುನಿಟ್ಟಿನ ನಿಯಮವಾಗಬೇಕು. ಗರ್ಭಿಣಿಯರ ವಾಹನವನ್ನೂ ಅವರ ಆಶಾಳನ್ನೂ ಬೇರೆ ಕೆಲಸಕ್ಕೆ ಎಳೆಯಬಾರದು. ಆಶಾಳಿಗೆ ನಿಶ್ಚಿತ ವೇತನವಿರಬೇಕು. ಕಡೆಯದಾಗಿ, ಮಹಾಮಾರಿಯ ಕಾಲದಲ್ಲಿ ಚಿಕಿತ್ಸೆ ದೊರೆಯದೆ ಸತ್ತ ತಾಯಂದಿರ ಲೆಕ್ಕವನ್ನು ರೋಗದಿಂದ ಸತ್ತವರ ಲೆಕ್ಕದ ಪಕ್ಕದಲ್ಲಿಯೇ ಪ್ರಕಟಿಸಬೇಕು.

ಈ ಕಡೆಯ ಮಾತನ್ನು ನಾವು ವಿಶೇಷವಾಗಿ ಒತ್ತಿ ಹೇಳುತ್ತೇವೆ. ಆ ದಿನಗಳಲ್ಲಿ ಪ್ರತಿ ಸಂಜೆಯೂ ಸೋಂಕಿತರ ಮತ್ತು ಮೃತರ ಸಂಖ್ಯೆ ಪ್ರಕಟವಾಗುತ್ತಿತ್ತು. ಆಟೋರಿಕ್ಷಾದಲ್ಲಿ ಉಸಿರು ನಿಂತ ಕೂಸಿಗೆ ಆ ಪಟ್ಟಿಯಲ್ಲಿ ಸ್ಥಳವಿರಲಿಲ್ಲ. ಲೆಕ್ಕಕ್ಕೆ ಬಾರದ ಸಾವಿಗೆ ಉತ್ತರ ಹೇಳುವವರೂ ಇರುವುದಿಲ್ಲ. ಉತ್ತರ ಹೇಳುವವರಿಲ್ಲದ ರಾಜ್ಯದಲ್ಲಿ ಅದೇ ಸಾವು ಮತ್ತೆ ಬರುವುದು.