ಮುಂಜಾವಿನ ಹೊಗೆ ಮತ್ತು ಯಂತ್ರದ ಬಡಿತ: ಟರ್ಬೊ ವಾಹನಗಳ ಕುರಿತು ಕೆಲವು ವಿಚಾರಗಳು

ಸಕಲೇಶಪುರದಿಂದ ಬಿಸಿಲೆಯವರೆಗೆ ಹಬ್ಬಿದ ಬೆಟ್ಟಸಾಲಿನಲ್ಲಿ ಡಿಸೆಂಬರ್, ಜನವರಿ ತಿಂಗಳುಗಳು ಕಾಫಿ ಕೊಯ್ಲಿನ ಕಾಲ. ಆ ದಿನಗಳ ಮುಂಜಾವಿನಲ್ಲಿ, ರಾತ್ರಿಯಿಡೀ ಇಬ್ಬನಿಯಲ್ಲಿ ನಿಂತ ವಾಹನವನ್ನು ಚಾಲೂ ಮಾಡಿದೊಡನೆ ಬಿಳಿಯ ಹೊಗೆ ಅಂಗಳವನ್ನು ಆವರಿಸುವುದೂ, ಯಂತ್ರವು ಕಟಕಟನೆ ಬಡಿದುಕೊಳ್ಳುವುದೂ ನಮ್ಮವರಿಗೆ ಹೊಸತಲ್ಲ. "ಟರ್ಬೊ ಹೋಯಿತು" ಎಂಬ ತೀರ್ಪು ಅನೇಕ ವೇಳೆ ಪರೀಕ್ಷೆಗೆ ಮೊದಲೇ ಹೊರಬೀಳುತ್ತದೆ. ನನ್ನ ಪರಿಚಿತರೊಬ್ಬರು ಇಂತಹ ಮಾತನ್ನು ನಂಬಿ ಹೊಸ ಟರ್ಬೊ ಹಾಕಿಸಿದರು. ಹೊಗೆ ಮಾತ್ರ ನಿಲ್ಲಲಿಲ್ಲ. ಕೆಟ್ಟಿದ್ದವು ಅಲ್ಪ ಬೆಲೆಯ ಎರಡು ಗ್ಲೋ ಪ್ಲಗ್‌ಗಳೆಂದು ಆಮೇಲೆ ತಿಳಿಯಿತು. ಹೊಗೆಯ ಬಣ್ಣ, ವಾಸನೆ, ಅದು ಇರುವ ಹೊತ್ತು ಎಂಬ ಮೂರು ಲಕ್ಷಣಗಳನ್ನು ಗಮನಿಸಿದ್ದರೆ ಆ ವೆಚ್ಚ ತಪ್ಪುತ್ತಿತ್ತು. ಈ ಲಕ್ಷಣಗಳನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಡೀಸೆಲ್ ಯಂತ್ರದಲ್ಲಿ ಕಿಡಿಯಿಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಕಾವಿನಿಂದಲೇ ಇಂಧನ ಹೊತ್ತಿಕೊಳ್ಳಬೇಕು. ಸಕಲೇಶಪುರವು ಸಮುದ್ರಮಟ್ಟದಿಂದ ಸುಮಾರು ೯೫೦ ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡವು ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಈ ಕೊರತೆಯನ್ನು ಟರ್ಬೊ ತುಂಬಿಕೊಡುತ್ತದೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿಯವರು ೧೯೦೫ರ ಪೇಟೆಂಟಿನಲ್ಲಿ ನಿರೂಪಿಸಿದ ತತ್ತ್ವವಿದು: ಹೊರಹೋಗುವ ಹೊಗೆಯ ಬಲದಿಂದಲೇ ಚಕ್ರವೊಂದನ್ನು ತಿರುಗಿಸಿ, ಹೆಚ್ಚು ಗಾಳಿಯನ್ನು ಒಳಕ್ಕೆ ತಳ್ಳುವುದು. ಆದರೆ ಯಂತ್ರವು ನಿಂತಲ್ಲೇ ನಿಧಾನವಾಗಿ ಓಡುತ್ತಿರುವಾಗ ಹೊಗೆಯ ಬಲ ಅಲ್ಪವಾಗಿರುವುದರಿಂದ ಟರ್ಬೊದ ನೆರವು ದೊರೆಯುವುದಿಲ್ಲ. ಆದಕಾರಣ ಮುಂಜಾವಿನ ಮೊದಲ ನಿಮಿಷಗಳಲ್ಲಿ ಯಂತ್ರವು ಗ್ಲೋ ಪ್ಲಗ್, ಬ್ಯಾಟರಿ, ಇಂಜೆಕ್ಟರ್‌ಗಳನ್ನೇ ನೆಚ್ಚಿಕೊಂಡಿರುತ್ತದೆ. ದೋಷವನ್ನು ಮೊದಲು ಅಲ್ಲಿಯೇ ಹುಡುಕುವುದು ಉಚಿತ.

ಬಿಳಿಯ ಹೊಗೆಯಲ್ಲಿ ಮೂರು ಬಗೆ. ವಾಸನೆಯಿಲ್ಲದೆ, ಸ್ವಲ್ಪ ಹೊತ್ತಿನಲ್ಲಿ ಕರಗಿಹೋಗುವುದು ಬರಿಯ ನೀರಾವಿ. ಅದಕ್ಕೆ ಚಿಂತೆ ಬೇಡ. ಕಣ್ಣು ಉರಿಸುವ ಡೀಸೆಲ್ ವಾಸನೆಯಿದ್ದು, ಯಂತ್ರ ಕಾದಂತೆ ಕಡಿಮೆಯಾಗುವುದು ಉರಿಯದ ಇಂಧನ. ಗ್ಲೋ ಪ್ಲಗ್, ಇಂಜೆಕ್ಟರ್‌ಗಳನ್ನು ಪರೀಕ್ಷಿಸಬೇಕು. ಯಂತ್ರ ಕಾದ ಮೇಲೂ ನಿಲ್ಲದೆ, ಸಿಹಿಯಾದ ವಾಸನೆಯೊಡನೆ ಬರುತ್ತಿದ್ದು ಕೂಲಂಟ್ ಮಟ್ಟ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿರುವ ಶಂಕೆ ಬಲವಾಗುತ್ತದೆ. ಅಂತಹ ವಾಹನವನ್ನು ಘಾಟಿಗೆ ಒಯ್ಯಲಾಗದು.

ನೀಲಿ ಹೊಗೆ ಇಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಚಾಲೂ ಮಾಡಿದಾಗ ಒಮ್ಮೆ ಮಾತ್ರ ಬಂದು ನಿಂತರೆ ವಾಲ್ವ್ ಸೀಲ್‌ಗಳು ಸವೆದಿರಬಹುದು. ಬಹಳ ಹೊತ್ತು ನಿಂತಲ್ಲೇ ಓಡಿದ ಬಳಿಕ ಎಕ್ಸಿಲರೇಟರ್ ಒತ್ತಿದಾಗ ಮೋಡದಂತೆ ಹೊರಟರೆ ಟರ್ಬೊವನ್ನು ನೋಡಬೇಕು. ತಣ್ಣಗಾದ, ನಿಂತ ಯಂತ್ರದಲ್ಲಿ ಗಾಳಿಯ ಕೊಳವೆಯನ್ನು ಬಿಚ್ಚಿ ಟರ್ಬೊದ ದಂಡವನ್ನು ಬೆರಳಿನಿಂದ ಅಲುಗಿಸಿದರೆ, ಪಕ್ಕಕ್ಕೆ ಎಳ್ಳಷ್ಟು ಅಲುಗಾಟ ಸಹಜ. ಹಿಂದೆ ಮುಂದೆ ಸರಿದರೆ ಅಥವಾ ರೆಕ್ಕೆಗಳು ಗೋಡೆಗೆ ತಾಗಿದರೆ ಟರ್ಬೊ ಸವೆದಿದೆಯೆಂದೇ ಅರ್ಥ. ಇದನ್ನು ಕಡೆಗಣಿಸುವುದು ಅಪಾಯಕರ. ಸೋರಿದ ಆಯಿಲನ್ನೇ ಇಂಧನವಾಗಿಸಿಕೊಂಡು ಡೀಸೆಲ್ ಯಂತ್ರವು ಕೀಲಿ ತೆಗೆದರೂ ನಿಲ್ಲದೆ ವೇಗವೇರಿಸಬಲ್ಲದು.

ಕಪ್ಪು ಹೊಗೆಯು ಗಾಳಿ ಸಾಲದೆ ಇಂಧನ ಹೆಚ್ಚಾದುದರ ಫಲ. ಏರಿನಲ್ಲಿ ವಾಹನ ಎಳೆಯದೆ, ಸುಯ್ಯೆನ್ನುವ ಸದ್ದೂ ಕೇಳಿದರೆ ಟರ್ಬೊದಿಂದ ಹೊರಟ ರಬ್ಬರ್ ಕೊಳವೆ ಸೀಳಿರಬಹುದು. ಏರ್ ಫಿಲ್ಟರ್ ಧೂಳಿನಿಂದ ಮುಚ್ಚಿರಲೂಬಹುದು. ೨೦೨೦ರ ಏಪ್ರಿಲ್‌ನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ೬ ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಸೋಸುಕವಿರುವುದರಿಂದ, ಅವುಗಳಲ್ಲಿ ಕಪ್ಪು ಹೊಗೆ ಕಂಡಿತೆಂದರೆ ಸೋಸುಕವೂ ಕೆಟ್ಟಿರಬಹುದೆಂದು ತಿಳಿಯತಕ್ಕದ್ದು.

ಇನ್ನು ಬಡಿತದ ವಿಚಾರ. ತಣ್ಣಗಿನ ಸಿಲಿಂಡರಿನಲ್ಲಿ ಇಂಧನ ತಡವಾಗಿ, ಒಮ್ಮೆಲೇ ಹೊತ್ತಿಕೊಳ್ಳುವುದರಿಂದ ಡೀಸೆಲ್ ಯಂತ್ರ ಕಟಕಟಿಸುತ್ತದೆ. ಕಾದಂತೆ ಅಡಗಿದರೆ ಅದು ಸಹಜವೇ. ಬಿಳಿ ಹೊಗೆಯೂ ಬಡಿತವೂ ಜೊತೆಯಾಗಿ ಬಂದು ಜೊತೆಯಾಗಿ ಅಡಗಿದರೆ ಎರಡಕ್ಕೂ ಕಾರಣ ಒಂದೇ ಎನ್ನಬಹುದು. ಪೆಟ್ರೋಲ್ ಟರ್ಬೊ ಕಾರಿನಲ್ಲಿ ಮಾತ್ರ ತಣ್ಣಗಿರುವಾಗಿನ ಸದ್ದು ಬಹುತೇಕ ಪಿಸ್ಟನ್ ಸಡಿಲದ್ದು. ಅಕಾಲ ದಹನದ ಬಡಿತ ಕೇಳುವುದು ಭಾರ ಎಳೆಯುವಾಗ. ಯಂತ್ರ ಕಾದಂತೆ ಹೆಚ್ಚುವ, ಆಳದಿಂದ ಬರುವ ಗುದ್ದು ಬೇರಿಂಗ್ ಸವೆತದ ಎಚ್ಚರಿಕೆ. ಆಯಿಲ್ ದೀಪವೂ ಹೊತ್ತಿದರೆ ಆ ಕ್ಷಣವೇ ನಿಲ್ಲಿಸಬೇಕು. ಹಳೆಯ ಯಂತ್ರಗಳಲ್ಲಿ ಇಂಜೆಕ್ಟರ್ ಕೊಳವೆಯ ನಟ್ಟನ್ನು ಸಡಿಲಿಸಿ, ಬಡಿಯುವ ಸಿಲಿಂಡರನ್ನು ಗುರುತಿಸುವ ರೂಢಿಯಿತ್ತು. ಈಗಿನ ಕಾಮನ್ ರೈಲ್ ಯಂತ್ರಗಳಲ್ಲಿ ಹಾಗೆ ಎಂದಿಗೂ ಮಾಡಕೂಡದು. ಅಲ್ಲಿನ ಒತ್ತಡವು ವಾಯುಮಂಡಲದ ಸಾವಿರ ಪಟ್ಟಿಗೂ ಮೀರಬಲ್ಲದು, ಚಿಮ್ಮಿದ ಡೀಸೆಲ್ ಚರ್ಮವನ್ನೇ ಭೇದಿಸುತ್ತದೆ.

ಕೊನೆಯದಾಗಿ, ಟರ್ಬೊ ಕೆಡದಂತೆ ಪಾಲಿಸಬೇಕಾದ ನಿಯಮವೊಂದುಂಟು. ನಿಮಿಷಕ್ಕೆ ಲಕ್ಷ ಸುತ್ತುಗಳನ್ನೂ ಮೀರಿ ತಿರುಗುವ ಟರ್ಬೊದ ದಂಡಕ್ಕೆ ಆಯಿಲಿನ ಪೊರೆಯೇ ಆಧಾರ. ತಣ್ಣಗಿನ ಯಂತ್ರವನ್ನು ಚಾಲೂ ಮಾಡಿದೊಡನೆ ರೊಯ್ಯೆನ್ನಿಸಿದರೆ ಆ ಪೊರೆ ಸರಿಯಾಗಿ ಏರ್ಪಡುವ ಮುನ್ನವೇ ದಂಡ ಸವೆಯುತ್ತದೆ. ಸುಬ್ರಹ್ಮಣ್ಯದ ಕಡೆಯಿಂದ ಘಾಟಿಯನ್ನೇರಿ ಬಿಸಿಲೆಯ ವೀಕ್ಷಣಾಸ್ಥಳವನ್ನು ಮುಟ್ಟಿದವರು, ಕುಮಾರಪರ್ವತವನ್ನು ಕಾಣುವ ಆತುರದಲ್ಲಿ ವಾಹನವನ್ನು ತಟ್ಟನೆ ಆರಿಸುವುದುಂಟು. ಆಗ ಕೆಂಪಗೆ ಕಾದ ಟರ್ಬೊದೊಳಗೆ ಆಯಿಲ್ ಹರಿಯದೆ ನಿಂತು, ಕರಿಕಟ್ಟುತ್ತದೆ. ಹೊರಡುವಾಗ ಒಂದು ನಿಮಿಷ, ಏರು ಮುಗಿದ ಮೇಲೆ ಒಂದೆರಡು ನಿಮಿಷ ಯಂತ್ರವನ್ನು ಸಾವಧಾನವಾಗಿ ಓಡಲು ಬಿಡುವ ತಾಳ್ಮೆಯಿದ್ದರೆ ಟರ್ಬೊ ಬಹುಕಾಲ ಬಾಳುತ್ತದೆ. ಹೊಗೆ ಕಂಡ ದಿನವೂ ಅದೇ ತಾಳ್ಮೆ ಬೇಕು: ಮೊದಲು ನೋಡುವುದು, ಮೂಸುವುದು, ಆಲಿಸುವುದು, ಬಿಚ್ಚುವುದು ಅನಂತರ.