ಶಾಯಿಯ ಹದ ಕಂಡುಹಿಡಿದ ಪತ್ರಕರ್ತ

ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿಯ 36 ತಿರುವು ಹತ್ತಿ ಊಟಿ ಮುಟ್ಟುವಷ್ಟರಲ್ಲಿ ಜೇಬಿನ ಫೌಂಟನ್ ಪೆನ್ನು ಅಂಗಿಗೆ ಶಾಯಿ ಕಾರಿರುವುದುಂಟು. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ; ಪೆನ್ನಿನೊಳಗೆ ಸಿಕ್ಕ ಗಾಳಿ ಹಿಗ್ಗಿ ಶಾಯಿಯನ್ನು ನಿಬ್ಬಿನತ್ತ ನೂಕುತ್ತದೆ. ಅರ್ಧ ಖಾಲಿಯಾದ ಪೆನ್ನಿನ ಕಾಟ ಇನ್ನೂ ಹೆಚ್ಚು. ಘಟ್ಟದಲ್ಲಿ ಅಂಗಿ ಕೆಡಿಸುವ ಈ ರಗಳೆ ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿ ದೊಡ್ಡದಾಗಿ, ಪತ್ರಕರ್ತನೊಬ್ಬನ ಕಾರ್ಖಾನೆಗೆ ಗಿರಾಕಿ ತಂದುಕೊಟ್ಟಿತು.

ಅವನು ಲಾಸ್ಲೊ ಬೀರೋ, 1899ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದವನು. ಪ್ರೆಸ್ಸಿನಲ್ಲಿ ಓಡಾಡುತ್ತಿದ್ದವನಿಗೆ ಪತ್ರಿಕೆಯ ಶಾಯಿ ಥಟ್ಟನೆ ಒಣಗುವುದು, ತನ್ನ ಪೆನ್ನಿನ ಶಾಯಿ ಮಾತ್ರ ಕೈಗೆಲ್ಲ ಬಳಿದುಕೊಳ್ಳುವುದು ಕಣ್ಣಿಗೆ ಬಿತ್ತು. ಅಚ್ಚಿನ ಶಾಯಿಯನ್ನೇ ಪೆನ್ನಿಗೆ ತುಂಬೋಣವೆಂದರೆ ಅದು ನಿಬ್ಬಿನಿಂದ ಇಳಿಯಲೊಲ್ಲದು. ಹಾಗಾಗಿ ನಿಬ್ಬು ತೆಗೆದು, ತುದಿಯಲ್ಲಿ ಉರುಳುವ ಗುಂಡು ಕೂರಿಸಿದ.

ಗುಂಡು ಅವನ ಸ್ವಂತದ್ದೇನಲ್ಲ. ಅಮೆರಿಕದ ಜಾನ್ ಲೌಡ್ ತೊಗಲಿನ ಮೇಲೆ ಗುರುತು ಹಾಕಲು 1888ರಲ್ಲೇ ಅಂಥದೊಂದಕ್ಕೆ ಪೇಟೆಂಟ್ ಪಡೆದಿದ್ದ. ಕಾಗದಕ್ಕೆ ಅದು ಒರಟಾಯಿತು. ಶಾಯಿ ತೆಳುವಾದರೆ ಸೋರುತ್ತದೆ, ಮಂದವಾದರೆ ಕಟ್ಟಿಕೊಳ್ಳುತ್ತದೆ. ರಸಾಯನಶಾಸ್ತ್ರ ಬಲ್ಲ ಸೋದರ ಜ್ಯೋರ್ಜ್‌ನನ್ನು ಕಟ್ಟಿಕೊಂಡು ಬೀರೋ ಬೆವರು ಸುರಿಸಿದ್ದು ಇವೆರಡರ ನಡುವಿನ ಹದಕ್ಕಾಗಿ. ನನ್ನ ಲೆಕ್ಕದಲ್ಲಿ ಆ ಹದವೇ ಅವನ ಆವಿಷ್ಕಾರ. ಅಚ್ಚಿನ ಮನೆಯ ವಾಸನೆ ಕುಡಿದವನಿಗಷ್ಟೇ ಅದು ಹೊಳೆಯಬಹುದಿತ್ತೇನೋ!

1938ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಹಂಗೇರಿ ಯೆಹೂದಿಗಳ ಮೇಲೆ ಕಾನೂನು ಬಿಗಿದದ್ದೂ ಅದೇ ವರ್ಷ. ಯೆಹೂದಿಯೇ ಆಗಿದ್ದ ಬೀರೋ ದೇಶ ಬಿಟ್ಟು ಅರ್ಜೆಂಟೀನಾ ಸೇರಿ, 1943ರಲ್ಲಿ ಸುಧಾರಿಸಿದ ಪೆನ್ನಿಗೆ ಹೊಸ ಪೇಟೆಂಟ್ ಪಡೆದು, ಗೆಳೆಯ ಹುವಾನ್ ಮೆಯ್ನೆಯ ಜೊತೆ ಕಾರ್ಖಾನೆ ಹೂಡಿದ. ಇಬ್ಬರ ಹೆಸರೂ ಸೇರಿ ಪೆನ್ನು ‘ಬಿರೋಮೆ’ ಆಯಿತು. ಎತ್ತರದಲ್ಲೂ ಸೋರದೆಂಬ ಕಾರಣಕ್ಕೆ ಬ್ರಿಟನ್ನಿನ ವಾಯುಪಡೆಗೆ 30,000 ಪೆನ್ನು ಹೋದವು.

ಹೊಸದನ್ನು ಹುಡುಕುವ ಬುದ್ಧಿಯೂ ವ್ಯಾಪಾರದ ಬುದ್ಧಿಯೂ ಒಂದೇ ತಲೆಯಲ್ಲಿ ಕೂರುವುದು ಅಪರೂಪ. 1945ರಲ್ಲಿ ಮಿಲ್ಟನ್ ರೆನಾಲ್ಡ್ಸ್ ಅಮೆರಿಕದಲ್ಲಿ ತನ್ನದೇ ಗುಂಡಿನ ಪೆನ್ನನ್ನು ಒಂದಕ್ಕೆ 12.50 ಡಾಲರಿನಂತೆ ಮಾರಿ ದುಡ್ಡು ಬಾಚಿದ. ಫ್ರಾನ್ಸಿನ ಮಾರ್ಸೆಲ್ ಬಿಕ್ ಬೀರೋನಿಂದ ಹಕ್ಕು ಕೊಂಡು 1950ರಲ್ಲಿ ಅಗ್ಗದ ಪೆನ್ನು ತಂದ; ಜಗತ್ತಿನ ಜೇಬು ತುಂಬಿದ್ದು ಅದರಿಂದ. ಬೀರೋ 1985ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡ. ಅವನ ಹುಟ್ಟುಹಬ್ಬವಾದ ಸೆಪ್ಟೆಂಬರ್ 29 ಅರ್ಜೆಂಟೀನಾದಲ್ಲಿ ಆವಿಷ್ಕಾರಕರ ದಿನ.